ಮಂಜು, ಹಿಮ, ಬೆನ್ನು ತಿರುಗಿಸಿ ನಿಂತ ಮನುಷ್ಯ: ಫ್ರೀಡ್ರಿಕ್‌ನ ಭೂದೃಶ್ಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ಚಿತ್ರಗಳನ್ನು ಯಾರಿಗಾದರೂ ತೋರಿಸಿದರೆ ಮೊದಲು ಸ್ವಲ್ಪ ಹೊತ್ತು ಮಾತಿರುವುದಿಲ್ಲ. ಆಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಇಷ್ಟೊಂದು ಆಕಾಶ ಏಕೆ? ಮನುಷ್ಯ ಇಷ್ಟು ಚಿಕ್ಕವನೇಕೆ? ಸಮಾಧಿ, ಪಾಳುಗೋಡೆ, ಎಲೆಯುದುರಿದ ಮರ ಇವೇ ಏಕೆ ಮತ್ತೆ ಮತ್ತೆ? ಬಹಳ ವರ್ಷಗಳಿಂದ ಈ ಚಿತ್ರಗಳನ್ನು ಪ್ರೀತಿಸುತ್ತ ಬಂದ ನಾನು ಆ ಪ್ರಶ್ನೆಗಳಿಗೆ ತೋಚಿದಷ್ಟು, ತಿಳಿದಷ್ಟು ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಜನ ಕೇಳುವ ಕ್ರಮದಲ್ಲಿಯೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

ಈ ಫ್ರೀಡ್ರಿಕ್ ಯಾರು?

1774ರ ಸೆಪ್ಟೆಂಬರ್ 5ರಂದು ಬಾಲ್ಟಿಕ್ ಸಮುದ್ರದ ಕರಾವಳಿಯ ಗ್ರೈಫ್ಸ್‌ವಾಲ್ಡ್ ಎಂಬ ಊರಿನಲ್ಲಿ ಹುಟ್ಟಿದವನು. ಆಗ ಆ ಪ್ರದೇಶ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ತಂದೆ ಸಾಬೂನು ಮತ್ತು ಮೇಣದಬತ್ತಿ ತಯಾರಿಸುತ್ತಿದ್ದರು. ಹತ್ತು ಮಕ್ಕಳಲ್ಲಿ ಇವನು ಆರನೆಯವನು. ಕೋಪನ್‌ಹೇಗನ್ನಿನ ಅಕಾಡೆಮಿಯಲ್ಲಿ 1794ರಿಂದ ನಾಲ್ಕು ವರ್ಷ ಕಲಿತು, 1798ರಲ್ಲಿ ಡ್ರೆಸ್ಡೆನ್ ನಗರಕ್ಕೆ ಬಂದು ಅಲ್ಲಿಯೇ ನೆಲೆಸಿದ. ಆ ಕಾಲದ ಚಿತ್ರಕಾರರೆಲ್ಲ ಇಟಲಿಗೆ ಓಡುತ್ತಿದ್ದರು. ಇವನು ಒಮ್ಮೆಯೂ ಹೋಗಲಿಲ್ಲ. ಉತ್ತರದ ಕಡಲು, ಎಲ್ಬೆ ನದಿಯ ಮರಳುಗಲ್ಲಿನ ಬೆಟ್ಟಗಳು, ಬೊಹೆಮಿಯಾದ ಗುಡ್ಡಗಳು ಅವನಿಗೆ ಸಾಕಾಗಿದ್ದವು.

ಫ್ರೀಡ್ರಿಕ್ ಸೇರಿದ ರಮ್ಯ ಪಂಥದ (ರೊಮ್ಯಾಂಟಿಸಿಸಂ) ಭೂದೃಶ್ಯಕ್ಕೂ ಅದಕ್ಕಿಂತ ಹಿಂದಿನದಕ್ಕೂ ಏನು ವ್ಯತ್ಯಾಸ?

ಹದಿನೆಂಟನೆಯ ಶತಮಾನದ ಯುರೋಪಿನ ಕಲಾ ಅಕಾಡೆಮಿಗಳಲ್ಲಿ ಚಿತ್ರಗಳಿಗೂ ಮೇಲುಕೀಳು ಇತ್ತು. ಪುರಾಣ, ಬೈಬಲ್, ಇತಿಹಾಸದ ಘಟನೆಗಳು ಮೇಲಿನ ಪಂಕ್ತಿಯಲ್ಲಿ, ಬೆಟ್ಟ ಹೊಳೆ ಮರಗಳು ಕೆಳಗಿನ ಪಂಕ್ತಿಯಲ್ಲಿ. ಭೂದೃಶ್ಯ ಬರೆಯುವುದಕ್ಕೂ ಒಂದು ಕಟ್ಟುಪಾಡು ಇತ್ತು. ಬದಿಯಲ್ಲಿ ಬಾಗಿಲ ಚೌಕಟ್ಟಿನಂತೆ ಮರಗಳು, ನಡುವೆ ಕಣ್ಣನ್ನು ಮೆಲ್ಲಗೆ ಒಳಗೆ ಕರೆದೊಯ್ಯುವ ಹಾದಿ ಅಥವಾ ಹೊಳೆ, ದೂರದಲ್ಲಿ ಹೊಂಬೆಳಕು. ನೋಡುವವನು ಆರಾಮವಾಗಿ ಅಡ್ಡಾಡಿ ಬರಬಹುದಾದ ತೋಟವದು.

ಫ್ರೀಡ್ರಿಕ್‌ನ ಚಿತ್ರದಲ್ಲಿ ಆ ಹಾದಿಯೇ ಕಾಣೆಯಾಗುತ್ತದೆ. ಮುಂದೆ ಒಂದು ಬಂಡೆ ಅಥವಾ ಮರಳದಿಬ್ಬ, ಅದರಾಚೆಗೆ ನೇರವಾಗಿ ಮಂಜು, ಸಮುದ್ರ, ಆಕಾಶ. ನಡುವೆ ಸೇತುವೆಯಿಲ್ಲ. ಇಲ್ಲಿಂದ ಅಲ್ಲಿಗೆ ಕಾಲ್ನಡಿಗೆಯಲ್ಲಿ ಹೋಗಲಾಗದು ಎಂಬುದು ನೋಡಿದ ಕೂಡಲೇ ಮೈಗೆ ತಿಳಿಯುತ್ತದೆ. ಪ್ರಕೃತಿಯ ಹಿರಿಮೆ, ಮನುಷ್ಯನ ಅಳಿವು ಎಂಬ ಎರಡು ವಿಷಯಗಳು ಅವನ ಚಿತ್ರಗಳಲ್ಲಿ ಒಂದಾಗಿ ಕಾಣುವುದು ಆ ಕಂದಕದಿಂದಲೇ ಎಂದು ನನಗೆ ಅನಿಸುತ್ತದೆ.

ಇಂಥ ಚಿತ್ರಗಳನ್ನು 'ಭವ್ಯ' ಎನ್ನುತ್ತಾರಲ್ಲ, 'ಭವ್ಯ' ಎಂದರೆ 'ಸುಂದರ' ಎಂದೇ ಅಲ್ಲವೇ?

ಅಲ್ಲ. ಬ್ರಿಟನ್ನಿನ ಚಿಂತಕ ಎಡ್ಮಂಡ್ ಬರ್ಕ್ 1757ರಲ್ಲಿ ಇವೆರಡನ್ನೂ ಬೇರೆ ಮಾಡಿದ. ನಯವಾದದ್ದು, ಚಿಕ್ಕದು, ಮುದ್ದು ಬರಿಸುವಂಥದು ಸುಂದರ. ವಿಶಾಲವಾದದ್ದು, ಕತ್ತಲು ಕವಿದದ್ದು, ಭಯ ಹುಟ್ಟಿಸುವಂಥದು ಭವ್ಯ. ಆ ಭಯ ನಮ್ಮಿಂದ ಸ್ವಲ್ಪ ದೂರದಲ್ಲಿದ್ದಾಗ ಮಾತ್ರ ಅದರಲ್ಲಿ ಒಂದು ಸುಖವಿದೆ ಎಂದು ಅವನ ವಾದ. ಮುಂದೆ 1790ರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಇಮಾನ್ಯುಯೆಲ್ ಕಾಂಟ್ ಇನ್ನೊಂದು ಹೆಜ್ಜೆ ಇಟ್ಟ. ಜಲಪಾತ, ಬಿರುಗಾಳಿ, ಜ್ವಾಲಾಮುಖಿಗಳ ಎದುರು ನಮ್ಮ ದೇಹ ಏನೇನೂ ಅಲ್ಲ. ಆದರೆ 'ನಾನು ಏನೇನೂ ಅಲ್ಲ' ಎಂದು ಅರಿಯಬಲ್ಲ ಶಕ್ತಿ ನಮ್ಮೊಳಗಿದೆಯಲ್ಲ, ಅದನ್ನು ಬಿರುಗಾಳಿ ಮುಟ್ಟಲಾರದು ಎಂದ.

ನಮ್ಮ ಓದುಗರಿಗೆ ರಸಗಳ ಲೆಕ್ಕದಲ್ಲಿ ಹೇಳಿದರೆ ಹತ್ತಿರವಾದೀತು. ಭಯಾನಕವೂ ಅದ್ಭುತವೂ ಒಟ್ಟಿಗೆ ಬಂದು ಎದೆ ತಟ್ಟುವ ಸ್ಥಿತಿಯದು. ಫ್ರೀಡ್ರಿಕ್‌ನ ವಿಷಯದಲ್ಲಿ ನಾನು ಇನ್ನೂ ಒಂದನ್ನು ಸೇರಿಸುತ್ತೇನೆ. ಅವನ ಚಿತ್ರದ ಮುಂದೆ ಸಾಕಷ್ಟು ಹೊತ್ತು ನಿಂತರೆ ಭಯ ಇಳಿಯುತ್ತದೆ, ಬೆರಗೂ ತಣಿಯುತ್ತದೆ, ಕೊನೆಗೆ ಉಳಿಯುವುದು ಶಾಂತ. ಯುರೋಪಿನ ಬೇರೆ ರಮ್ಯ ಚಿತ್ರಕಾರರಲ್ಲಿ ಈ ಕೊನೆಯ ಹಂತ ನನಗೆ ಅಷ್ಟಾಗಿ ಸಿಕ್ಕಿಲ್ಲ.

ಮನುಷ್ಯನನ್ನು ಇರುವೆಯಷ್ಟು ಚಿಕ್ಕದಾಗಿ ಬರೆಯುವುದು ಅವನಿಗೆ ಅವಮಾನವಲ್ಲವೇ?

ಈ ಪ್ರಶ್ನೆ ಬಂದಾಗ 'ಕಡಲ ತಡಿಯ ಸನ್ಯಾಸಿ'ಯನ್ನು ಎದುರಿಗಿಡಬೇಕು. 1808ರಿಂದ 1810ರ ನಡುವೆ ಬರೆದ ಚಿತ್ರ, ಈಗ ಬರ್ಲಿನ್ನಿನ ಆಲ್ಟೆ ನ್ಯಾಷನಲ್ ಗ್ಯಾಲರಿಯಲ್ಲಿದೆ. ಎತ್ತರ 110 ಸೆಂಟಿಮೀಟರ್, ಅಗಲ 171 ಸೆಂಟಿಮೀಟರ್. ಕೆಳಗೆ ಬಿಳಿಚಿಕೊಂಡ ಮರಳದಿಬ್ಬದ ಒಂದು ಪಟ್ಟಿ, ಅದರ ಮೇಲೆ ಕಪ್ಪಗಿನ ಕಡಲಿನ ಇನ್ನೊಂದು ತೆಳು ಪಟ್ಟಿ. ಉಳಿದದ್ದೆಲ್ಲ ಆಕಾಶ. ಆ ದಿಬ್ಬದ ಮೇಲೆ ಕಪ್ಪು ನಿಲುವಂಗಿಯ ಒಬ್ಬ ಸನ್ಯಾಸಿ, ಅಲ್ಲಲ್ಲಿ ಕೆಲವು ಕಡಲಹಕ್ಕಿಗಳು.

ಫ್ರೀಡ್ರಿಕ್ ಮೊದಲು ಸನ್ಯಾಸಿಯ ಎರಡೂ ಬದಿಗೆ ಹಡಗುಗಳನ್ನು ಯೋಜಿಸಿದ್ದ. ಬಣ್ಣದ ಕೆಳಗೆ ಅಡಗಿದ ಆ ರೇಖೆಗಳನ್ನು ತಜ್ಞರು ಅವಕೆಂಪು ಕಿರಣಗಳ ನೆರವಿನಿಂದ ಕಂಡಿದ್ದಾರೆ. ಆಮೇಲೆ ಅವನು ಅವನ್ನು ಕೈಬಿಟ್ಟ. ಚಿತ್ರಕಾರನೊಬ್ಬನಿಗೆ ಬರೆಯುವುದಕ್ಕಿಂತ ಅಳಿಸುವುದಕ್ಕೆ ಹೆಚ್ಚು ಧೈರ್ಯ ಬೇಕು. ಹಡಗಿದ್ದರೆ ನಮ್ಮ ಕಣ್ಣು ಅದರ ಹಿಂದೆ ಹೋಗಿ ಬದುಕಿಕೊಳ್ಳುತ್ತಿತ್ತು. ಈಗ ಹೋಗಲು ಎಲ್ಲಿಯೂ ಜಾಗವಿಲ್ಲ. ಅವನ ಗೆಳೆಯ ಗೆರ್ಹಾರ್ಡ್ ಫಾನ್ ಕ್ಯೂಗೆಲ್ಗೆನ್‌ನ ಪತ್ನಿ ಈ ಚಿತ್ರವನ್ನು ನೋಡಿ, ಇದರಲ್ಲಿ ಸೂರ್ಯನಿಲ್ಲ, ಚಂದ್ರನಿಲ್ಲ, ದೋಣಿಯಿಲ್ಲ, ಕಡಲ ರಾಕ್ಷಸ ಕೂಡ ಇಲ್ಲ ಎಂದು ಪತ್ರದಲ್ಲಿ ದೂರಿದ್ದಳು. 1810ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇದನ್ನು ಕಂಡ ಲೇಖಕ ಹೈನ್ರಿಕ್ ಫಾನ್ ಕ್ಲೈಸ್ಟ್, ನೋಡುವವನ ಕಣ್ಣಿನ ರೆಪ್ಪೆಗಳನ್ನೇ ಕತ್ತರಿಸಿ ತೆಗೆದಂತೆ ಆಗುತ್ತದೆ ಎಂದು ತನ್ನ ಪತ್ರಿಕೆಯಲ್ಲಿ ಬರೆದ. ಮುಚ್ಚಲು ರೆಪ್ಪೆಯೇ ಇಲ್ಲದೆ ನೋಡುತ್ತಲೇ ಇರಬೇಕಾದ ಸ್ಥಿತಿ.

ಅವಮಾನದ ಪ್ರಶ್ನೆಗೆ ಬರುತ್ತೇನೆ. ಆ ಇಡೀ ಚಿತ್ರದಲ್ಲಿ ನೆಟ್ಟಗೆ ನಿಂತಿರುವ ವಸ್ತು ಒಂದೇ ಒಂದು, ಆ ಸನ್ಯಾಸಿ. ಮರಳು, ಕಡಲು, ಮೋಡ ಎಲ್ಲವೂ ಅಡ್ಡಲಾಗಿ ಮಲಗಿವೆ. ಬೆರಳುದ್ದದ ಆ ಲಂಬ ರೇಖೆಯನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ, ಚಿತ್ರ ಸತ್ತುಹೋಗುತ್ತದೆ. ಆಕಾಶ ಅಷ್ಟು ದೊಡ್ಡದೆಂದು ನಮಗೆ ಗೊತ್ತಾಗುವುದು ಅವನು ಅಲ್ಲಿ ನಿಂತಿರುವುದರಿಂದ. ಅವನನ್ನು ಕುಗ್ಗಿಸಿ ಫ್ರೀಡ್ರಿಕ್ ಅವನಿಗೆ ಇಡೀ ಚಿತ್ರದ ಭಾರವನ್ನು ಹೊರಿಸಿದ್ದಾನೆ.

ಜನರೆಲ್ಲ ಬೆನ್ನು ತಿರುಗಿಸಿ ನಿಂತಿರುವುದೇಕೆ? ಮುಖ ಬರೆಯಲು ಬರುತ್ತಿರಲಿಲ್ಲವೇ?

ಬರುತ್ತಿತ್ತು. ತನ್ನದೇ ಮುಖವನ್ನು ಅವನು ಬರೆದಿಟ್ಟಿದ್ದಾನೆ; ಆ ಕಣ್ಣುಗಳನ್ನು ನೋಡಿದವರು ಮರೆಯುವುದು ಕಷ್ಟ. ಭೂದೃಶ್ಯಗಳಲ್ಲಿ ಮುಖ ತೋರಿಸದಿರುವುದು ಅವನ ಆಯ್ಕೆ. ಮುಖ ಕಂಡರೆ ನಾವು ಆ ಮುಖವನ್ನೇ ಓದುತ್ತ ಕೂರುತ್ತೇವೆ. ಬೆನ್ನು ಕಂಡರೆ ಅವನು ನೋಡುತ್ತಿರುವ ಕಡೆಗೆ ನಮ್ಮ ಕಣ್ಣೂ ತಿರುಗುತ್ತದೆ. ತೇರಿನ ಜನಜಂಗುಳಿಯಲ್ಲಿ ಮುಂದಿನವರ ಹೆಗಲ ಮೇಲಿಂದ ಇಣುಕುವಾಗ ಆಗುವುದು ಇದೇ.

ಇದರ ಅತ್ಯಂತ ಸೊಗಸಾದ ಉದಾಹರಣೆ 'ರ‍್ಯೂಗೆನ್ನಿನ ಸುಣ್ಣಕಲ್ಲಿನ ಬಂಡೆಗಳು'. 1818ರ ಜನವರಿಯಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಅವನು ಕ್ಯಾರೊಲಿನ್ ಬೊಮ್ಮರ್ ಎಂಬವಳನ್ನು ಮದುವೆಯಾದ. ಅದೇ ವರ್ಷ ಹೊಸ ಹೆಂಡತಿಯೊಂದಿಗೆ ತವರಿನ ಕಡಲತೀರಕ್ಕೂ ರ‍್ಯೂಗೆನ್ ದ್ವೀಪಕ್ಕೂ ಹೋಗಿ ಬಂದ. ಆ ಪ್ರವಾಸದ ನೆನಪಿನ ಚಿತ್ರದಲ್ಲಿ ಬಿಳಿ ಬಂಡೆಗಳ ಅಂಚಿನಲ್ಲಿ ಮೂವರಿದ್ದಾರೆ. ಕೆಂಪು ಉಡುಪಿನ ಹೆಂಗಸು ಪೊದೆಯನ್ನು ಹಿಡಿದು ಕೂತು ಕೆಳಗೆ ಬೆರಳು ತೋರಿಸುತ್ತಿದ್ದಾಳೆ. ನಡುವಿನ ಗಂಡಸು ಟೋಪಿಯನ್ನು ಪಕ್ಕಕ್ಕಿಟ್ಟು, ಕೈಕಾಲೂರಿ, ಪ್ರಪಾತದೊಳಗೆ ಇಣುಕುತ್ತಿದ್ದಾನೆ. ಮೂರನೆಯವನು ಮರದ ಬೊಡ್ಡೆಗೆ ಒರಗಿ, ಕೆಳಗಿನ ಆಳವನ್ನು ಗಮನಿಸದೆ, ದೂರದ ಕಡಲನ್ನೂ ಅದರ ಮೇಲಿನ ಬಿಳಿ ಹಾಯಿಗಳನ್ನೂ ನೋಡುತ್ತಿದ್ದಾನೆ. ಒಂದೇ ಪ್ರಪಾತದ ಮುಂದೆ ಮೂರು ಬಗೆಯ ಜನ. ಮಧುಚಂದ್ರದ ಚಿತ್ರದಲ್ಲಿಯೂ ಕಾಲಡಿಯ ಆಳವನ್ನು ಮರೆಯದವನು ಈ ಮನುಷ್ಯ.

ಮಂಜಿನ ಕಡಲಿನ ಮೇಲೆ ನಿಂತ ಕೋಟುಧಾರಿ ಗೆಲುವಿನ ಸಂಕೇತವೇ?

ಪುಸ್ತಕಗಳ ಮುಖಪುಟಗಳಲ್ಲಿ, ಸಾಧನೆಯ ಉಪದೇಶ ಮಾಡುವ ಭಿತ್ತಿಚಿತ್ರಗಳಲ್ಲಿ 'ಮಂಜಿನ ಕಡಲಿನ ಮೇಲಿನ ಅಲೆಮಾರಿ' ಎಂಬ ಚಿತ್ರದ ಆ ಕೋಟುಧಾರಿಯನ್ನು ಶಿಖರ ಗೆದ್ದ ವೀರನಂತೆ ಬಳಸುತ್ತಾರೆ. ನಾನು ಒಪ್ಪುವುದಿಲ್ಲ. 1817ರ ಸುಮಾರಿಗೆ ಬರೆದ, ಹ್ಯಾಂಬರ್ಗಿನ ಕುನ್ಸ್ಟ್‌ಹಾಲೆಯಲ್ಲಿರುವ ಈ ಚಿತ್ರದಲ್ಲಿ ಅವನು ನಿಂತ ಬಂಡೆ ಅಲ್ಲಿಗೇ ಮುಗಿಯುತ್ತದೆ. ಮುಂದಿನ ಹೆಜ್ಜೆಗೆ ನೆಲವಿಲ್ಲ. ತಲೆಗೂದಲು ಗಾಳಿಗೆ ಕೆದರಿದೆ, ಕೈಯಲ್ಲಿ ಊರುಗೋಲಿದೆ. ತಾನು ನಡೆದು ಬಂದ ದಾರಿಯೂ ಹೋಗಬೇಕಾದ ದಾರಿಯೂ ಮಂಜಿನ ಕೆಳಗಿವೆ. ಗೆದ್ದವನಿಗಿಂತ, ಇನ್ನು ಮುಂದೆ ಹೋಗಲಾಗದ ಕಡೆಗೆ ಬಂದು ತಲುಪಿದವನ ನಿಲುವು ಅದು. ಈ ಆಕೃತಿ ತೀರಿಕೊಂಡ ಯಾರೋ ಒಬ್ಬರ ಸ್ಮಾರಕ ಎಂದು ಊಹಿಸಿದ ವಿದ್ವಾಂಸರೂ ಇದ್ದಾರೆ.

ಸಾವು, ಸಮಾಧಿ ಇವುಗಳ ಮೇಲೆಯೇ ಅವನಿಗೆ ಇಷ್ಟೊಂದು ಒಲವೇಕೆ?

ಇದೇ ಪ್ರಶ್ನೆಯನ್ನು ಅವನ ಕಾಲದವರೂ ಕೇಳಿ ಕೇಳಿ ಬೇಸರಪಡಿಸಿದ್ದರು. ಅವನೇ ಪದ್ಯರೂಪದಲ್ಲಿ ಉತ್ತರ ಬರೆದಿಟ್ಟಿದ್ದಾನೆ. ಸಾವು, ನಶ್ವರತೆ, ಸಮಾಧಿಗಳನ್ನೇ ಏಕೆ ಮತ್ತೆ ಮತ್ತೆ ಚಿತ್ರದ ವಸ್ತುವಾಗಿ ಆರಿಸುತ್ತೀಯ ಎಂದು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಮುಂದೊಂದು ದಿನ ನಿತ್ಯವಾಗಿ ಬದುಕಬೇಕಾದರೆ ಹಲವು ಸಲ ಸಾವಿಗೆ ತನ್ನನ್ನು ಒಪ್ಪಿಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ.

ಆದರೆ ಈ ಉತ್ತರದ ಹಿಂದೆ ಒಂದು ಮನೆಯಿದೆ. ಅವನಿಗೆ ಏಳು ತುಂಬುವ ಮೊದಲೇ, 1781ರಲ್ಲಿ, ತಾಯಿ ತೀರಿಕೊಂಡಳು. ಮರುವರ್ಷ ಒಬ್ಬ ಅಕ್ಕ ಹೋದಳು. 1787ರ ಡಿಸೆಂಬರಿನಲ್ಲಿ, ಅವನಿಗೆ ಹದಿಮೂರು ವರ್ಷವಿದ್ದಾಗ, ಅವನಿಗಿಂತ ಸ್ವಲ್ಪವೇ ಚಿಕ್ಕವನಾದ ತಮ್ಮ ಕ್ರಿಸ್ಟೊಫರ್ ನೀರಿನಲ್ಲಿ ಮುಳುಗಿ ಸತ್ತ. ಮಂಜುಗಡ್ಡೆ ಬಿರಿದು ಅಪಾಯಕ್ಕೆ ಸಿಲುಕಿದ್ದ ಅಣ್ಣನನ್ನು ಉಳಿಸಲು ಹೋಗಿ ತಮ್ಮ ಪ್ರಾಣ ಕೊಟ್ಟ ಎಂದು ಹೇಳಿಕೊಂಡು ಬಂದಿದ್ದಾರೆ. 1791ರಲ್ಲಿ ಇನ್ನೊಬ್ಬ ಸಹೋದರಿ ಜ್ವರದಿಂದ ತೀರಿಕೊಂಡಳು. ಹದಿನೇಳರ ಹುಡುಗ ಅಷ್ಟು ಹೊತ್ತಿಗೆ ನಾಲ್ಕು ಶವಪೆಟ್ಟಿಗೆಗಳ ಹಿಂದೆ ನಡೆದಿದ್ದ.

'ಓಕ್ ಕಾಡಿನ ಮಠ' ಎಂಬ ಚಿತ್ರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸನ್ಯಾಸಿಯ ಚಿತ್ರಕ್ಕೆ ಜೋಡಿಯಾಗಿ 1810ರಲ್ಲಿ ಅದೇ ಪ್ರದರ್ಶನದಲ್ಲಿ ತೂಗುಹಾಕಿದ್ದರು. ಎರಡನ್ನೂ ಜರ್ಮನ್ ರಾಜ್ಯವಾದ ಪ್ರಶ್ಯದ ಅರಸ ಕೊಂಡುಕೊಂಡ. ಹಿಮ ಬಿದ್ದ ನೆಲ, ಓರೆಯಾಗಿ ನಿಂತ ಶಿಲುಬೆಗಳು, ತೋಡಿಟ್ಟ ಗುಂಡಿ. ಗುಂಡಿಯನ್ನು ದಾಟಿ, ಕುಸಿದ ಮಠದ ಬಾಗಿಲಿನತ್ತ, ಶವಪೆಟ್ಟಿಗೆ ಹೊತ್ತ ಸನ್ಯಾಸಿಗಳ ಸಾಲು ಸಾಗುತ್ತಿದೆ. ಆ ಪಾಳುಗೋಡೆ ಅವನ ಹುಟ್ಟೂರಿನ ಪಕ್ಕದ ಎಲ್ಡೆನಾ ಮಠದ್ದು, ಬಾಲ್ಯದಿಂದ ಕಂಡದ್ದು. ಕೆಳಗಿನ ಅರ್ಧದಲ್ಲಿ ಕತ್ತಲು ಎಷ್ಟು ದಟ್ಟವೆಂದರೆ ಜನರನ್ನು ಹುಡುಕಿ ನೋಡಬೇಕು. ಮೇಲಿನ ಅರ್ಧದಲ್ಲಿ ಹಳದಿ ಬೆಳಕು, ಎಳೆಯಷ್ಟು ತೆಳುವಾದ ಚಂದ್ರ. ಕಡಲ ತಡಿಯ ಆ ಸನ್ಯಾಸಿಯನ್ನೇ ಈ ಚಿತ್ರದಲ್ಲಿ ಹೊತ್ತೊಯ್ಯುತ್ತಿದ್ದಾರೆ ಎಂದು ಕೆಲವರು ಓದುತ್ತಾರೆ. ನನಗೂ ಆ ಓದು ಇಷ್ಟ.

1820ರಲ್ಲಿ ಗೆಳೆಯ ಕ್ಯೂಗೆಲ್ಗೆನ್‌ನನ್ನು ಡ್ರೆಸ್ಡೆನ್ನಿನ ದಾರಿಯಲ್ಲಿ ದರೋಡೆಕೋರ ಕೊಂದ. ಫ್ರೀಡ್ರಿಕ್ ಅವನ ಸಮಾಧಿಯನ್ನು ಚಿತ್ರಿಸಿದ. ಅವನಿಗೆ ಶೋಕ ಎಂದರೆ ಕುಂಚ ಹಿಡಿಯುವುದೇ ಆಗಿತ್ತು.

'ಹಿಮಸಮುದ್ರ' ನಿಜವಾಗಿ ನಡೆದ ಅಪಘಾತದ ಚಿತ್ರವೇ?

ಹಿಮದಲ್ಲಿ ಸಿಕ್ಕಿ ಒಡೆದ ಹಡಗಿನ ಆ ಚಿತ್ರ ನಡೆದ ಯಾವ ಅಪಘಾತದ್ದೂ ಅಲ್ಲ. 1819 ಮತ್ತು 1820ರಲ್ಲಿ ವಿಲಿಯಂ ಪ್ಯಾರಿ ಎಂಬ ಬ್ರಿಟಿಷ್ ನೌಕಾಧಿಕಾರಿ ಉತ್ತರ ಅಮೆರಿಕದ ಮೇಲ್ಗಡೆಯ ಜಲಮಾರ್ಗವನ್ನು ಹುಡುಕುತ್ತ ಹೋಗಿ, ಒಂದು ಇಡೀ ಚಳಿಗಾಲ ಹಿಮದ ನಡುವೆ ಸಿಕ್ಕಿಕೊಂಡು, ತನ್ನ ಎರಡೂ ಹಡಗುಗಳೊಂದಿಗೆ ಕ್ಷೇಮವಾಗಿ ಮರಳಿದ. ಆ ಸುದ್ದಿ ಯುರೋಪಿನಲ್ಲೆಲ್ಲ ಹರಡಿತ್ತು. ಫ್ರೀಡ್ರಿಕ್ ಧ್ರುವ ಪ್ರದೇಶವನ್ನು ಕಂಡವನಲ್ಲ. 1820-21ರ ಚಳಿಗಾಲದಲ್ಲಿ ಎಲ್ಬೆ ನದಿ ಹೆಪ್ಪುಗಟ್ಟಿ ಒಡೆದಾಗ ದಡದಲ್ಲಿ ಕೂತು ಹಿಮದ ಚಪ್ಪಡಿಗಳನ್ನು ಎಣ್ಣೆಬಣ್ಣದಲ್ಲಿ ಅಭ್ಯಾಸ ಮಾಡಿದ. ನದಿಯ ಆ ತುಣುಕುಗಳೇ ಕ್ಯಾನ್ವಾಸಿನಲ್ಲಿ ಬೆಟ್ಟವಾಗಿ ಬೆಳೆದವು.

1824ರಲ್ಲಿ ಮುಗಿದ ಚಿತ್ರದಲ್ಲಿ ಒಂದರ ಮೇಲೊಂದು ಏರಿದ ಚೂಪಾದ ಚಪ್ಪಡಿಗಳು ಗೋರಿಯ ಕಲ್ಲುಗಳ ಹಾಗೆ ಆಕಾಶಕ್ಕೆ ಚಾಚಿವೆ. ಮೊದಲ ನೋಟಕ್ಕೆ ಹಡಗು ಕಾಣುವುದೇ ಇಲ್ಲ. ಬಲಗಡೆ, ಹಿಮದಡಿ ಸಿಕ್ಕಿ ವಾಲಿದ ಅದರ ಹಿಂಭಾಗ ಕಂಡಾಗ ಎದೆ ಝಲ್ಲೆನ್ನುತ್ತದೆ. ಒಬ್ಬ ಮನುಷ್ಯನೂ ಇಲ್ಲ. ಕಿರುಚಾಟ, ಚಾಚಿದ ಕೈ, ತೇಲುವ ದೇಹ ಯಾವುದೂ ಇಲ್ಲ. ಅದೆಲ್ಲ ಎಷ್ಟೋ ಹೊತ್ತಿನ ಹಿಂದೆ ಮುಗಿದುಹೋಗಿದೆ. ಈಗ ಹಿಮ ತನ್ನ ಪಾಡಿಗೆ ತಾನು ಹೊಳೆಯುತ್ತಿದೆ, ಮೇಲೆ ನೀಲಿ ಆಕಾಶ ತಿಳಿಯಾಗಿದೆ. ನಮ್ಮ ಸಾವನ್ನು ಪ್ರಕೃತಿ ಗಮನಿಸುವುದೂ ಇಲ್ಲ ಎಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಹೇಳಿದ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ. ಆ ಹದಿಮೂರರ ಹುಡುಗ, ಬಿರಿದ ಆ ಮಂಜುಗಡ್ಡೆ ನೆನಪಾದರೆ ಚಿತ್ರವನ್ನು ಸುಮ್ಮನೆ ನೋಡಿ ಮುಂದೆ ಹೋಗಲಾಗುವುದಿಲ್ಲ.

ಅವನು ಬದುಕಿರುವವರೆಗೂ ಇದನ್ನು ಯಾರೂ ಕೊಳ್ಳಲಿಲ್ಲ. ಸತ್ತ ಮೇಲೆ ನಾರ್ವೆಯ ಚಿತ್ರಕಾರ ಗೆಳೆಯ ಯೊಹಾನ್ ಕ್ರಿಶ್ಚಿಯನ್ ದಾಲ್ ತೆಗೆದುಕೊಂಡ. 1905ರಲ್ಲಿ ಹ್ಯಾಂಬರ್ಗಿನ ಕುನ್ಸ್ಟ್‌ಹಾಲೆಗೆ ಬಂತು.

ಅವನು ಆ ಜಾಗಗಳಲ್ಲಿ ಕೂತು ಬರೆಯುತ್ತಿದ್ದನೇ?

ಪೆನ್ಸಿಲ್ ರೇಖಾಚಿತ್ರಗಳನ್ನು ಅಲ್ಲಿಯೇ ಕೂತು, ದಿನಾಂಕ ಸಹಿತ, ಒಂದೊಂದು ಕೊಂಬೆಯನ್ನೂ ಬಿಡದೆ ಬರೆಯುತ್ತಿದ್ದ. ಎಣ್ಣೆಬಣ್ಣದ ಚಿತ್ರ ಹುಟ್ಟುತ್ತಿದ್ದುದು ಮನೆಯಲ್ಲಿ. ಒಂದು ಊರಿನ ಬಂಡೆ, ಇನ್ನೊಂದು ಊರಿನ ಮರ, ಎಂದೋ ಕಂಡ ಮೋಡ ಕೂಡಿ ಒಂದು ದೃಶ್ಯವಾಗುತ್ತಿತ್ತು. ಮಂಜಿನ ಚಿತ್ರದ ಬೆಟ್ಟಗಳು ಎಲ್ಬೆ ಕಣಿವೆಯ ಬೇರೆ ಬೇರೆ ಕಡೆಯಿಂದ ಬಂದವು. ಆ ಬಂಡೆಯ ಮೇಲೆ ನಿಂತರೆ ಆ ನೋಟ ಯಾರಿಗೂ ಸಿಗದು.

ಗೆಳೆಯ ಕೆರ್ಸ್ಟಿಂಗ್ ಬರೆದ ಚಿತ್ರಗಳಲ್ಲಿ ಫ್ರೀಡ್ರಿಕ್‌ನ ಕೆಲಸದ ಕೋಣೆಯನ್ನು ಕಾಣಬಹುದು. ಬರಿ ಗೋಡೆ, ಕೆಳಗಿನ ಅರ್ಧವನ್ನು ಮುಚ್ಚಿದ ಕಿಟಕಿ, ಒಂದು ಕುರ್ಚಿ, ಚಿತ್ರದ ಹಲಗೆ. ಹೊರಗಿನ ವಸ್ತುಗಳು ಒಳಗಿನ ಚಿತ್ರಕ್ಕೆ ಅಡ್ಡಿ ಎಂದು ಬೇಡದ್ದನ್ನೆಲ್ಲ ಕೋಣೆಯಾಚೆ ಇಡುತ್ತಿದ್ದನಂತೆ. ಎದುರಿಗೆ ಕಾಣುವುದನ್ನಷ್ಟೇ ಬರೆದರೆ ಸಾಲದು, ತನ್ನೊಳಗೆ ಕಾಣುವುದನ್ನೂ ಬರೆಯಬೇಕು. ಒಳಗೆ ಏನೂ ಕಾಣದಿದ್ದರೆ ಎದುರಿನದನ್ನು ಬರೆಯುವುದನ್ನೂ ಬಿಡಬೇಕು ಎಂಬುದು ಅವನ ಮಾತು. ಅವನು ಆಕಾಶವನ್ನು ಬರೆಯುವ ದಿನ ಯಾರೂ ಮಾತನಾಡಿಸುವಂತಿಲ್ಲ ಎಂದು ಕ್ಯಾರೊಲಿನ್ ಮನೆಗೆ ಬಂದವರಿಗೆ ಹೇಳುತ್ತಿದ್ದಳಂತೆ. ಈ ಸಣ್ಣ ಸಂಗತಿ ನನಗೆ ತುಂಬ ಪ್ರಿಯವಾದದ್ದು.

ಆ ಹಳದಿ, ಕೆಂಪು ಆಕಾಶ ಜ್ವಾಲಾಮುಖಿಯಿಂದ ಆದದ್ದೇ?

1815ರ ಏಪ್ರಿಲಿನಲ್ಲಿ ಇಂಡೋನೇಷ್ಯಾದ ತಾಂಬೋರಾ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಆ ಕಾಲದ ಸೂರ್ಯಾಸ್ತದ ಬಣ್ಣಗಳು ಚಿತ್ರಕಾರರ ಕಣ್ಣಿಗೆ ಬಿದ್ದಿರಬಹುದು. ಆದರೆ ತಾಂಬೋರಾ ಸಿಡಿಯುವ ಐದು ವರ್ಷ ಮೊದಲೇ 'ಓಕ್ ಕಾಡಿನ ಮಠ'ದ ಮೇಲೆ ಆ ಹಳದಿ ಬೆಳಕಿತ್ತು.

ಇವು ಧಾರ್ಮಿಕ ಚಿತ್ರಗಳೇ?

ಅವನು ಶ್ರದ್ಧಾವಂತ ಲೂಥರನ್ ಕ್ರೈಸ್ತ. 1808ರಲ್ಲಿ 'ಬೆಟ್ಟದ ಮೇಲಿನ ಶಿಲುಬೆ' ಎಂಬ ಚಿತ್ರವನ್ನು ಪೂಜಾವೇದಿಕೆಗೆ ಇಡುವ ಚಿತ್ರದ ರೂಪದಲ್ಲಿ, ಕೆತ್ತನೆಯ ಚೌಕಟ್ಟಿನೊಂದಿಗೆ, ತನ್ನ ಕೋಣೆಯಲ್ಲಿಯೇ ಪ್ರದರ್ಶನಕ್ಕಿಟ್ಟ. ಚಿತ್ರದಲ್ಲಿ ಬೈಬಲಿನ ಕಥೆಯಿಲ್ಲ. ಬಂಡೆ, ಹಸಿರು ಸೂಚಿಪರ್ಣ ಮರಗಳು, ತುದಿಯಲ್ಲಿ ನಮ್ಮಿಂದ ಅರ್ಧ ಮುಖ ತಿರುಗಿಸಿದ ಶಿಲುಬೆ, ಹಿಂದೆ ಮುಳುಗಿದ ಸೂರ್ಯನ ಕಿರಣ. ರಾಮ್‌ಡೋರ್ ಎಂಬ ವಿಮರ್ಶಕ ಸಿಟ್ಟಾದ. ಭೂದೃಶ್ಯ ಚಿತ್ರ ಚರ್ಚಿನೊಳಗೆ ನುಸುಳಿ ಪೂಜಾವೇದಿಕೆಯ ಮೇಲೆ ತೆವಳಿ ಹತ್ತಲು ನೋಡುತ್ತಿದೆ ಎಂದು ಬರೆದ. ಆಗ ಫ್ರೀಡ್ರಿಕ್ ಅಪರೂಪಕ್ಕೆ ಬಾಯಿಬಿಟ್ಟು ಅರ್ಥ ವಿವರಿಸಿದ: ಬಂಡೆ ನಂಬಿಕೆ, ಸದಾ ಹಸಿರಾದ ಮರಗಳು ಭರವಸೆ.

ಕ್ರೈಸ್ತರಲ್ಲದವರಿಗೆ ಈ ಚಿತ್ರಗಳು ದಕ್ಕುತ್ತವೆಯೇ ಎಂದು ಮುಂದುವರಿದು ಕೇಳುವವರಿದ್ದಾರೆ. ಸನ್ಯಾಸಿಯ ಚಿತ್ರ ದಕ್ಕಲು ಯಾವ ಶಾಸ್ತ್ರವೂ ಬೇಕಿಲ್ಲ.

ಇದೇ ಕಾಲದ ಇಂಗ್ಲಿಷ್ ಚಿತ್ರಕಾರ ಟರ್ನರ್‌ನಿಗೂ ಇವನಿಗೂ ಏನು ವ್ಯತ್ಯಾಸ?

ಟರ್ನರ್ ಹುಟ್ಟಿದ್ದು 1775ರಲ್ಲಿ, ಲಂಡನ್ನಿನಲ್ಲಿ. ಫ್ರೀಡ್ರಿಕ್‌ನಿಗಿಂತ ಒಂದೇ ವರ್ಷ ಚಿಕ್ಕವನು. ಫ್ರೀಡ್ರಿಕ್‌ನದು ನಿಶ್ಚಲ, ಟರ್ನರ್‌ನದು ಸುಳಿ. 1812ರ 'ಹಿಮಬಿರುಗಾಳಿ: ಆಲ್ಪ್ಸ್ ದಾಟುತ್ತಿರುವ ಹ್ಯಾನಿಬಲ್ ಮತ್ತು ಅವನ ಸೈನ್ಯ' ಎಂಬ ಚಿತ್ರದಲ್ಲಿ ಇತಿಹಾಸದ ಮಹಾ ಸೇನಾಪತಿಯನ್ನು ಹುಡುಕಿದರೂ ಕಾಣುವುದು ಕಷ್ಟ, ದಿಗಂತದಲ್ಲಿ ಆನೆಯೊಂದು ಚುಕ್ಕೆಯಂತಿದೆ, ಅದರ ಮೇಲೆ ಕಪ್ಪು ಗಾಳಿ ಕಮಾನಾಗಿ ಎರಗುತ್ತಿದೆ.

ಆದರೆ ಟರ್ನರ್‌ನ ದೊಡ್ಡ ಚಿತ್ರ ನನ್ನ ಪಾಲಿಗೆ 1840ರ 'ಗುಲಾಮರ ಹಡಗು'. ಈಗ ಅಮೆರಿಕದ ಬಾಸ್ಟನ್ನಿನ ಮ್ಯೂಸಿಯಂನಲ್ಲಿದೆ. ಇದರ ಹಿಂದಿರುವುದು 1781ರ ಜಾಂಗ್ ಹಡಗಿನ ಹತ್ಯಾಕಾಂಡ. ವಿಮೆಯ ಹಣಕ್ಕಾಗಿ 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಂತವಾಗಿ ಕಡಲಿಗೆ ಎಸೆದಿದ್ದರು. ಚಿತ್ರದಲ್ಲಿ ಆಕಾಶ ಉರಿಯುತ್ತಿದೆ, ಸೂರ್ಯಾಸ್ತ ಅಪ್ರತಿಮವಾಗಿದೆ. ಅದರ ಚೆಲುವಿಗೆ ಮರುಳಾಗಿ ಹತ್ತಿರ ಹೋದಾಗ ಅಲೆಗಳ ನಡುವೆ ಸರಪಳಿ ಹಾಕಿದ ಕಾಲು ಕಾಣುತ್ತದೆ. ಅಲ್ಲಿ ಕೊಂದದ್ದು ಕಡಲಲ್ಲ. ಪ್ರಕೃತಿಯ ಭವ್ಯತೆಯ ಬಗ್ಗೆ ಮಾತನಾಡುವಾಗ ಎಲ್ಲ ಸಾವುಗಳನ್ನೂ ಬಿರುಗಾಳಿಯ ಲೆಕ್ಕಕ್ಕೆ ಬರೆಯಬಾರದು ಎಂದು ನನಗೆ ಕಲಿಸಿದ್ದು ಈ ಚಿತ್ರ.

ಅಮೆರಿಕದಲ್ಲಿ ಇಂಥ ಚಿತ್ರಕಾರರಿದ್ದರೇ?

ಥಾಮಸ್ ಕೋಲ್ ಎಂಬ ಚಿತ್ರಕಾರನನ್ನು ನೋಡಬಹುದು. 'ಬಾಳಿನ ಯಾನ' ಎಂಬ ನಾಲ್ಕು ಚಿತ್ರಗಳ ಸರಣಿಯಲ್ಲಿ ಒಬ್ಬನೇ ದೋಣಿಗ ಬಾಲ್ಯ, ಯೌವನ, ನಡುವಯಸ್ಸು, ಮುಪ್ಪುಗಳನ್ನು ದಾಟಿ ನದಿಯಿಂದ ಕಡಲಿಗೆ ಸೇರುತ್ತಾನೆ. 1842ರ ಪ್ರತಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಚಿತ್ರಗಳು ಚೆನ್ನಾಗಿವೆ, ಆದರೆ ಎಲ್ಲವನ್ನೂ ಬಿಡಿಸಿ ಹೇಳುತ್ತವೆ.

ಫ್ರೀಡ್ರಿಕ್‌ನೂ ಇದೇ ವಸ್ತುವನ್ನು 1835ರ ಸುಮಾರಿಗೆ 'ಬಾಳಿನ ಹಂತಗಳು' ಎಂದು ಈಗ ಕರೆಯುವ ಚಿತ್ರದಲ್ಲಿ ಬರೆದ. ದಡದಲ್ಲಿ ಐವರು, ಕಡಲಿನಲ್ಲಿ ಐದು ಹಡಗುಗಳು. ಮುದುಕನೊಬ್ಬ ನಮಗೆ ಬೆನ್ನು ಮಾಡಿ ನೀರಿನ ಕಡೆಗೆ ನಡೆಯುತ್ತಿದ್ದಾನೆ; ಅದು ಚಿತ್ರಕಾರನೇ. ಮಕ್ಕಳು ಪುಟ್ಟ ಬಾವುಟ ಹಿಡಿದು ಆಡುತ್ತಿದ್ದಾರೆ.

ನಾಜಿಗಳು ಇವನನ್ನು ಮೆಚ್ಚಿದ್ದರಂತೆ, ನಿಜವೇ?

ನಿಜ. ಸತ್ತು ಸುಮಾರು ಒಂದು ಶತಮಾನವಾದ ಮೇಲೆ ಅವನನ್ನು ಜರ್ಮನ್ ನೆಲ, ಜರ್ಮನ್ ರಕ್ತದ ಪ್ರಚಾರಕ್ಕೆ ಎಳೆದುಕೊಂಡರು. ಆ ಕಳಂಕದಿಂದ ಅವನ ಹೆಸರು ಬಿಡಿಸಿಕೊಳ್ಳಲು ದಶಕಗಳೇ ಬೇಕಾದವು. 1972ರಲ್ಲಿ ಲಂಡನ್ನಿನಲ್ಲಿ, 1974ರಲ್ಲಿ ಹ್ಯಾಂಬರ್ಗಿನಲ್ಲಿ ನಡೆದ ದೊಡ್ಡ ಪ್ರದರ್ಶನಗಳು ಅದಕ್ಕೆ ನೆರವಾದವು. ಬದುಕಿದ್ದಾಗ ಅವನು ಅಧಿಕಾರದ ಪರ ಇದ್ದವನಲ್ಲ. ದೇಶಪ್ರೇಮಿ ವಿದ್ಯಾರ್ಥಿಗಳ ಹಳೆಯ ಶೈಲಿಯ ಉಡುಪಿನ ಮೇಲೆ 1819ರ ನಂತರ ಆಳುವವರ ಕಣ್ಣು ಬಿದ್ದಿತ್ತು. ಇವನು ಅದೇ ಉಡುಪು ತೊಟ್ಟವರನ್ನು ಚಂದ್ರನನ್ನು ನೋಡುತ್ತ ನಿಲ್ಲಿಸಿ ಬರೆದ.

ಹಿಮನದಿಗಳೇ ಕರಗುತ್ತಿರುವ ಈ ಕಾಲದಲ್ಲಿ ಈ ಚಿತ್ರಗಳಿಗೆ ಏನರ್ಥ?

ಈಚೆಗೆ ಹೆಚ್ಚು ಕೇಳುವ ಪ್ರಶ್ನೆ ಇದು, ನನ್ನನ್ನು ಹೆಚ್ಚು ಕಾಡುವುದೂ ಇದೇ. ಫ್ರೀಡ್ರಿಕ್‌ನ ಲೆಕ್ಕ ಸ್ಪಷ್ಟವಿತ್ತು: ಮನುಷ್ಯ ಹೋಗುತ್ತಾನೆ, ಹಡಗು ಮುಳುಗುತ್ತದೆ, ಹಿಮ ಉಳಿಯುತ್ತದೆ. ಐಸ್‌ಲ್ಯಾಂಡಿನ ಓಕ್ಯೋಕುಲ್ ಎಂಬ ಹಿಮನದಿ 2014ರಲ್ಲಿ ಹಿಮನದಿಯೆಂಬ ಹೆಸರನ್ನೇ ಕಳೆದುಕೊಂಡಿತು. 2019ರ ಆಗಸ್ಟಿನಲ್ಲಿ ಜನ ಬೆಟ್ಟ ಹತ್ತಿ ಹೋಗಿ ಅಲ್ಲಿ ಒಂದು ಸ್ಮರಣಫಲಕ ನೆಟ್ಟರು. ಅದರ ಮೇಲೆ ಮುಂದಿನವರಿಗೆ ಒಂದು ಪತ್ರ, ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡಿನ ಅಂದಿನ ಪ್ರಮಾಣ. ಹಿಮಕ್ಕೆ ಮನುಷ್ಯರು ಗೋರಿಕಲ್ಲು ಇಟ್ಟ ಹಾಗಾಯಿತು. ಅದರ ಛಾಯಾಚಿತ್ರ ನೋಡಿದ ಮೇಲೆ 'ಹಿಮಸಮುದ್ರ'ದ ಆ ಚಪ್ಪಡಿಗಳನ್ನು ನಾನು ಮೊದಲಿನಂತೆ ನೋಡಲಾರೆ. ಹಿಂದೆ ಕನಿಕರ ಹಡಗಿನ ಮೇಲೆ ಮಾತ್ರ ಇತ್ತು.

ಇವನ್ನೆಲ್ಲ ಎಲ್ಲಿ ನೋಡಬಹುದು? ಬೆಂಗಳೂರಿನಲ್ಲಿ ಏನಾದರೂ ಸಿಗುತ್ತದೆಯೇ?

ಹ್ಯಾಂಬರ್ಗ್, ಬರ್ಲಿನ್, ಡ್ರೆಸ್ಡೆನ್ ಈ ಮೂರು ಊರುಗಳಲ್ಲಿ ಮುಖ್ಯವಾದವೆಲ್ಲ ಸಿಗುತ್ತವೆ. ರ‍್ಯೂಗೆನ್ನಿನ ಬಂಡೆಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿವೆ, 'ಬಾಳಿನ ಹಂತಗಳು' ಲೈ‍ಪ್‌ಜಿಗ್‌ನಲ್ಲಿದೆ. ಕೆಲವು ಇನ್ನೆಂದೂ ಸಿಗವು: 1931ರಲ್ಲಿ ಮ್ಯೂನಿಕ್ಕಿನ ಗಾಜಿನ ಅರಮನೆಗೆ ಬೆಂಕಿ ಬಿದ್ದಾಗಲೂ 1945ರಲ್ಲಿ ಬರ್ಲಿನ್ನಿನಲ್ಲಿಯೂ ಅವನ ಚಿತ್ರಗಳು ಸುಟ್ಟುಹೋದವು.

ಬೆಂಗಳೂರಿನವರು ಚಿತ್ರಕಲಾ ಪರಿಷತ್ತಿಗೆ ಹೋಗಬಹುದು. ಅಲ್ಲಿ ಫ್ರೀಡ್ರಿಕ್ ಇಲ್ಲ, ನಿಕೊಲಾಸ್ ರೋರಿಕ್ ಇದ್ದಾನೆ. ಫ್ರೀಡ್ರಿಕ್ ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ, 1874ರಲ್ಲಿ, ರಷ್ಯಾದಲ್ಲಿ ಹುಟ್ಟಿ, ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ, 1947ರಲ್ಲಿ ಅಲ್ಲಿಯೇ ತೀರಿಕೊಂಡವನು. ಅವನ ಮಗ ಸ್ವೆಟೊಸ್ಲಾವ್ ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ಬಾಳಿದ್ದು ನಮ್ಮವರಿಗೆ ಗೊತ್ತೇ ಇದೆ. ಶೈಲಿ ಬೇರೆ, ಕಾಲ ಬೇರೆ. ಆದರೂ ಹಿಮಾಲಯದ ಆ ನೀಲಿ ಬೆಟ್ಟಗಳ ಬುಡದಲ್ಲಿ ಒಬ್ಬ ಪುಟ್ಟ ಮನುಷ್ಯ ಸಿಕ್ಕಾಗ ಕಡಲ ತಡಿಯ ಸನ್ಯಾಸಿ ನೆನಪಾಗದೆ ಇರುವುದಿಲ್ಲ. ಹೋದಾಗ ಎಲ್ಲವನ್ನೂ ನೋಡುವ ಆತುರ ಬೇಡ. ಒಂದನ್ನು ಆರಿಸಿ ಕಾಲು ಗಂಟೆ ನಿಲ್ಲಿ.

ಕೊನೆಗಾಲದಲ್ಲಿ ಅವನು ಏನಾದ?

1835ರ ಜೂನಿನಲ್ಲಿ ಪಾರ್ಶ್ವವಾಯು ಬಡಿಯಿತು. ಎಣ್ಣೆಬಣ್ಣದ ದೊಡ್ಡ ಕೆಲಸ ಬಹುತೇಕ ನಿಂತಿತು. ಆ ಮೇಲೆ ಕಂದು ಶಾಯಿಯಲ್ಲಿ ಚಿಕ್ಕ ಚಿತ್ರಗಳನ್ನು ಬರೆಯುತ್ತ ಹೋದ: ಸಮಾಧಿ, ಶವಪೆಟ್ಟಿಗೆ, ಅದರ ಮೇಲೆ ಕೂತು ನೇರ ನಮ್ಮನ್ನು ನೋಡುವ ಗೂಬೆ. ಬೆನ್ನು ತಿರುಗಿಸಿದವರನ್ನೇ ಬರೆದವನ ಕೈಯಿಂದ ಕೊನೆಗೆ ಮೂಡಿದ ಮುಖ ಆ ಗೂಬೆಯದು. ಆ ಹೊತ್ತಿಗೆ ಜನ ಅವನನ್ನು ಮರೆತಿದ್ದರು. ಮತ್ತೆ ಗುರುತಿಸಿದ್ದು 1906ರ ಬರ್ಲಿನ್ ಪ್ರದರ್ಶನದಲ್ಲಿ.

1840ರ ಮೇ 7ರಂದು ತೀರಿಕೊಂಡ. ಡ್ರೆಸ್ಡೆನ್ನಿನ ಟ್ರಿನಿಟಾಟಿಸ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ವೈದ್ಯನೂ ಚಿತ್ರಕಾರನೂ ಆಗಿದ್ದ ಗೆಳೆಯ ಕಾರ್ಲ್ ಗುಸ್ತಾವ್ ಕಾರುಸ್‌ನ ಸಮಾಧಿಯೂ ಅದೇ ಸ್ಮಶಾನದಲ್ಲಿದೆ.